ಅದೇ ಅರ್ಜಿ, ಅದೇ ಪ್ರಶ್ನೆ

ಬಾಗಿಲು ಬಡಿದರೆ ಅಡಿಲ್ಸನ್ ಮೊದಲು ಟಿವಿ ಆರಿಸುತ್ತಿದ್ದ, ಆಮೇಲೆ ಪರದೆಯ ಸಂದಿಯಿಂದ ಇಣುಕುತ್ತಿದ್ದ. ಬ್ರೆಜಿಲ್‌ನಿಂದ ಪ್ರವಾಸಿ ವೀಸಾದಲ್ಲಿ ಮ್ಯಾಸಚೂಸೆಟ್ಸ್‌ಗೆ ಬಂದವನು ವೀಸಾ ಮುಗಿದರೂ ಅಲ್ಲೇ ಉಳಿದು, ಮನೆಗಳಿಗೆ ಬಣ್ಣ ಬಳಿದು ಬದುಕುತ್ತಿದ್ದ. ಬಸ್ ಮೆಕ್ಯಾನಿಕ್ ರಸೆಲ್‌ನನ್ನು ಆ ರಾಜ್ಯದ ಕಾನೂನಿನ ಪ್ರಕಾರವೇ ಮದುವೆಯಾಗಿ ಆರು ವರ್ಷವಾಗಿತ್ತು. ರಸೆಲ್ ಅಮೆರಿಕದ ಪ್ರಜೆ. ಆದರೂ ವಲಸೆ ಇಲಾಖೆ ಎರಡು ವರ್ಷದ ಹಿಂದೆ, ಅಡಿಲ್ಸನ್‌ಗೆ ಕಾಯಂ ವಾಸದ ಗ್ರೀನ್ ಕಾರ್ಡ್ ಕೇಳಿ ಹಾಕಿದ್ದ ಅವರ ಅರ್ಜಿಯನ್ನು ತಿರಸ್ಕರಿಸಿತ್ತು. ಗಂಡಸರಿಬ್ಬರ ಮದುವೆಯನ್ನು ಆಗ ಕೇಂದ್ರ ಸರ್ಕಾರ ಒಪ್ಪುತ್ತಿರಲಿಲ್ಲ.

2013ರ ಬೇಸಿಗೆಯ ಒಂದು ಮಧ್ಯಾಹ್ನ ಬಾಗಿಲು ಬಡಿದವಳು ಪಕ್ಕದ ಮನೆಯ ದಿರ್ಸೆ. ಅವಳದು ವಲಸಿಗರ ಉಚಿತ ಕಾನೂನು ಕೇಂದ್ರದಲ್ಲಿ ಕೆಲಸ.

"ಸುಪ್ರೀಂ ಕೋರ್ಟ್ ತೀರ್ಪು ಬಂತು ಕಣೋ. ಗಂಡ-ಹೆಂಡ್ತಿಗೆ ಯಾವ ಅರ್ಜಿಯೋ ಇನ್ಮೇಲೆ ನಿಮಗೂ ಅದೇ."

"ಇದ್ದಕ್ಕಿದ್ದಂಗೆ ಸರ್ಕಾರಕ್ಕೆ ನಮ್ಮ ಮೇಲೆ ಯಾಕಕ್ಕಾ ಇಷ್ಟು ಪ್ರೀತಿ? ವಿಳಾಸ ನಾವೇ ಬರ್ಕೊಟ್ರೆ ಹುಡುಕೋ ಕಷ್ಟ ತಪ್ಪುತ್ತೆ ಅಂತ ತಾನೆ?" ಎಂದ ಅಡಿಲ್ಸನ್.

"ಹಳೇ ಅರ್ಜೀಲೇ ವಿಳಾಸ ಕೊಟ್ಟಿದ್ದೀಯಲ್ಲೋ ಮಾರಾಯ. ಇನ್ನು ಬಚ್ಚಿಡೋಕೇನಿದೆ?"

ಪಕ್ಕದಲ್ಲಿದ್ದ ರಸೆಲ್ ನಕ್ಕ. ಅಡಿಲ್ಸನ್ ನಗಲಿಲ್ಲ. "ಬೇಕರಿ ಹತ್ರ ಕಾಗದ ಪತ್ರ ಬರ್ಕೊಡೋನು ಬೇರೆ ದಾರಿ ಹೇಳಿದಾನೆ. ಯಾವಳಾದ್ರೂ ಹುಡುಗೀನ ಮದ್ವೆಯಾದಂಗೆ ತೋರಿಸಿದ್ರೆ ಸಲೀಸಂತೆ."

ದಿರ್ಸೆಯ ಮುಖ ಬಿಗಿದುಕೊಂಡಿತು. "ಅದು ಅಪರಾಧ. ಸಿಕ್ಕಿಬಿದ್ರೆ ಮುಂದೆ ನಿಜವಾದ ಗಂಡನ ಅರ್ಜಿಯೂ ನಡೆಯಲ್ಲ. ಕೋರ್ಟನ್ನ ನಂಬಲ್ಲ, ಅವನನ್ನ ನಂಬ್ತೀಯಾ?"

ಮರುದಿನ ಅಡಿಲ್ಸನ್ ದಿರ್ಸೆಯ ಕೇಂದ್ರಕ್ಕೆ ಹೋದ. ಅಲ್ಲಿನ ವಕೀಲೆಯ ಪರವಾನಗಿ ಪತ್ರವನ್ನೇ ಮೊದಲು ಕೇಳಿ ನೋಡಿದ. ಅವಳು ಬೇಸರಿಸದೆ ತೋರಿಸಿ, ಅವನು ದೇಶಕ್ಕೆ ಬಂದ ಬಗೆ, ಪಾಸ್‌ಪೋರ್ಟಿನ ಮುದ್ರೆ ಎಲ್ಲವನ್ನೂ ಪರಿಶೀಲಿಸಿದಳು. ಬಾಡಿಗೆ ಕರಾರು, ತೆರಿಗೆ ಕಾಗದ, ಒಟ್ಟಿಗಿರುವ ಫೋಟೊಗಳನ್ನು ಜೋಡಿಸಿ ಅರ್ಜಿ ಹಾಕಿದರು.

ವಲಸೆ ಇಲಾಖೆಯ ಸಂದರ್ಶನದ ದಿನವೂ ಅವನ ಅನುಮಾನ ಹೋಗಿರಲಿಲ್ಲ. ನಮ್ಮಿಬ್ಬರನ್ನು ಏನೇನು ಕೇಳಿ ಅವಮಾನಿಸುತ್ತಾರೋ ಎಂದುಕೊಂಡು, ಒಳಗಿನಿಂದ ಬಂದ ಗಂಡ-ಹೆಂಡತಿಯನ್ನು ತಡೆದು ವಿಚಾರಿಸಿದ.

"ಎಲ್ಲಿ ಪರಿಚಯ, ಮನೇಲಿ ಅಡುಗೆ ಯಾರು, ಮದುವೆಗೆ ಯಾರ್ಯಾರು ಬಂದಿದ್ರು... ಇಷ್ಟೇ," ಎಂದಳು ಆ ಹೆಂಗಸು.

ಒಳಗೆ ಅಧಿಕಾರಿ ಇವರನ್ನು ಕೇಳಿದ್ದೂ ಅದನ್ನೇ. "ಅಡುಗೆ ಯಾರು?"

"ನಾನು," ಎಂದರು ಇಬ್ಬರೂ.

"ಮೊಟ್ಟೆ ಬೇಯಿಸೋದೂ ಅಡುಗೇನಾ?" ಅಡಿಲ್ಸನ್ ಅಲ್ಲೇ ಗಂಡನ ಕಡೆ ತಿರುಗಿದ.

ಅಧಿಕಾರಿ ತಲೆಯೆತ್ತದೆ ಬರೆದುಕೊಂಡ. ಕೆಲವು ವಾರಗಳಾದ ಮೇಲೆ ಗ್ರೀನ್ ಕಾರ್ಡ್ ಬಂತು. ಅದರ ಎರಡೂ ಬದಿಯನ್ನು ಓದಿ ಮುಗಿಸಿಯೇ ಅಡಿಲ್ಸನ್ ತಾಯಿಗೆ ಫೋನು ಮಾಡಿದ. ಹೋದರೆ ಮರಳಿ ಒಳಗೆ ಬಿಡುವುದಿಲ್ಲವೆಂದು ಅವಳನ್ನು ನೋಡದೆ ಹನ್ನೊಂದು ವರ್ಷವಾಗಿತ್ತು.

"ಅಮ್ಮಾ, ಊರಿಗೆ ಟಿಕೆಟ್ ತಗೊಂಡೆ. ಎರಡು."

"ಇನ್ನೊಂದು ಯಾರಿಗೋ?"

"ನನ್ನ ಗಂಡನಿಗೆ."

"ಅವನು ನಮ್ಮೂರ ಅನ್ನ-ಬೀನ್ಸ್ ಕಾಳು ತಿಂತಾನೇನೋ?" ಎಂದಳು ತಾಯಿ.

ಓದುತ್ತಿರುವ ಗೆಳೆಯರೇ, ನಿಮ್ಮದು ನಿಜವಾದ ಮದುವೆಯಾದರೆ, ಇಬ್ಬರು ಗಂಡಸರದಾಗಲಿ, ಇಬ್ಬರು ಹೆಂಗಸರದಾಗಲಿ, ಅದಕ್ಕೂ ಇದೇ ಅರ್ಜಿ, ಇದೇ ಪ್ರಶ್ನೆ. ಒಬ್ಬೊಬ್ಬರ ಪರಿಸ್ಥಿತಿ ಒಂದೊಂದು ಥರ; ಹಾಗಾಗಿ ಬೀದಿಯ ಮಾತು ಕೇಳಬೇಡಿ, ಪರವಾನಗಿ ಇರುವವರನ್ನೇ ಕೇಳಿ. ಅನುಮಾನವಿದ್ದರೆ ಇರಲಿ. ಅದನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ, ವಕೀಲರ ಮೇಜಿನ ಮೇಲೆ ಇಡಿ.