ಅಂಗಡಿಗೊಬ್ಬ ಅಳಿಯ

ಹಾಸಿಗೆ ಅಂಗಡಿಯ ಯಜಮಾನರಿಗೆ ತಮ್ಮ ಅಂಗೈ ಮೇಲೆ ಬಲು ಹೆಮ್ಮೆ. ಯಾರಾದರೂ ಹತ್ತಿ ಬದಲಿಸಲು ಹಳೆಯ ಹಾಸಿಗೆ ತಂದರೆ ಒಮ್ಮೆ ಒತ್ತಿ ನೋಡಿ ಆ ಮನೆಯ ಕಥೆ ಹೇಳಿಬಿಡುವರು.

"ಗಂಡ ಡುಮ್ಮ, ಹೆಂಡ್ತಿ ಅಂಚಲ್ಲಿ ನೇತಾಡ್ತಾಳೆ" ಎಂದರೆ ತಂದವರು ನಾಚಿ ನಗುವರು. ಯಜಮಾನರ ಹೆಂಡತಿ ಹತ್ತಿ ಬಿಡಿಸುತ್ತಾ, ಹಿರಿಯ ಮಗಳು ಅಂಚು ಹೊಲಿಯುತ್ತಾ, ಕಿರಿಯವಳು ಪುಟ್ಟಿ ಹತ್ತಿಯ ಧೂಳಿಗೆ ಸೀನುತ್ತಾ ಇದ್ದರೆ, ನೋಡಿದವರಿಗೆ ಅದು ತುಂಬಿದ ಮನೆ.

ಅಂಗಡಿ ಇದ್ದದ್ದು ಪರದೇಶದಲ್ಲಿ, ಅವರು ಅಲ್ಲಿಗೆ ಹೊರಗಿನಿಂದ ಬಂದವರು. ಹೊರಗಿನವರು ಅಲ್ಲಿ ನೆಲ ಕೊಳ್ಳುವಂತಿಲ್ಲ. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಕೇಳಿ: ಅಲ್ಲಿಯವನೊಬ್ಬನಿಗೆ ಮಗಳನ್ನು ಕೊಟ್ಟು ಅಂಗಡಿಯನ್ನು ಅಳಿಯನ ಹೆಸರಿಗೆ ಮಾಡಿಸುವುದು! ಒಬ್ಬರು ಮಾಡಿದರು, ಹತ್ತು ಮಂದಿ ಮಾಡಿದರು, ಪದ್ಧತಿಯಾಯಿತು. ಇದನ್ನು ಮದುವೆ ಎನ್ನಲು ನನಗಂತೂ ನಾಲಿಗೆ ಹೊರಳುವುದಿಲ್ಲ.

ಹಿರಿಯ ಮಗಳನ್ನು ಹೀಗೇ ಕೊಟ್ಟಿದ್ದರು. ಅಳಿಯ ಬಂದರಿನಲ್ಲಿ ಕೆಲಸಗಾರ, ಅವನಿಗೆ ಮೊದಲೇ ಬೇರೊಂದು ಸಂಸಾರವಿತ್ತು. ಅಂಗಡಿಯ ಕಾಗದಕ್ಕೆ ಸಹಿ ಬೇಕಾದಾಗ ಬರುವನು, ಉಂಡು ಹೋಗುವನು. ಅವಳು ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ. ಮೆಟ್ಟಿಲ ಮೇಲೆ ಸದ್ದಾದರೆ ಮೊದಮೊದಲು ತಲೆ ಬಾಚಿಕೊಳ್ಳುತ್ತಿದ್ದಳು. ಆಮೇಲೆ ಅದೂ ನಿಂತಿತು. ಕೋಣೆಯಲ್ಲಿದ್ದ ಎರಡು ಲೋಟಗಳಲ್ಲಿ ಒಂದನ್ನು ಅಮ್ಮನಿಗೆ ಮರಳಿಸಿದಳು. ಅಮ್ಮ ತೆಗೆದುಕೊಂಡಳೇ ಹೊರತು ಏಕೆಂದು ಕೇಳಲಿಲ್ಲ.

ವ್ಯಾಪಾರ ಕುದುರಿತು. ಪಕ್ಕದ ಬೀದಿಯಲ್ಲಿ ಇನ್ನೊಂದು ಮಳಿಗೆ ಮಾರಾಟಕ್ಕೆ ಬಂತು. ಅಳಿಯನ ತಮ್ಮನಿಗೆ ಪುಟ್ಟಿಯನ್ನು ಕೊಡುವುದೆಂದು ಮಾತಾಯಿತು. ಯಜಮಾನರು ಒಳ್ಳೆಯ ಹತ್ತಿ ಆರಿಸಿ ಮದುವೆಯ ಹಾಸಿಗೆ ಹೊಲಿಯಲು ಕೂತರು. ಪುಟ್ಟಿಗೆ ಸೀನು ಕೂಡ ಬರಲಿಲ್ಲ.

ದಿಂಬು ಕೊಳ್ಳಲು ಬಂದ ವಕೀಲೆ ಇದನ್ನೆಲ್ಲ ಕೇಳಿ ಅಲ್ಲೇ ಕೂತುಬಿಟ್ಟಳು. "ನೆಲ ಕೊಳ್ಳೋ ಹಾಗಿಲ್ಲ, ನಿಜ. ಆದ್ರೆ ದೀರ್ಘ ಗುತ್ತಿಗೆಗೆ ನಿಮ್ಮ ಹೆಸರಲ್ಲೇ ಮಳಿಗೆ ತಗೋಬಹುದು, ರಿಜಿಸ್ಟರ್ ಮಾಡಿಸ್ಬಹುದು. ಲೈಸೆನ್ಸೂ ನಿಮ್ಮ ಹೆಸರಲ್ಲೇ ಸಿಗುತ್ತೆ. ನೀವು ಯಾರನ್ನೂ ಕೇಳ್ಲೇ ಇಲ್ವಾ?"

"ಲಾಯರ್ ಬಾಗಿಲು ತುಳಿಯೋದು ಜಗಳಗಂಟರು ಕಣಮ್ಮ. ನಮ್ಮ ಹಿರಿಯರೆಲ್ಲ ಹೀಗೇ ಮಾಡಿದ್ದು."

"ನಾಳೆ ಅಳಿಯ ಮಾರಿಬಿಟ್ರೆ? ಅಂಗಡಿ ನಂದೇ, ಅವನ ಹೆಸರಲ್ಲಿ ಬೇನಾಮಿ ಅಂತ ಹೇಳ್ಕೊಂಡು ಕೋರ್ಟಿಗೆ ಹೋದ್ರೆ ನೀವೇ ತಪ್ಪಿತಸ್ಥರಾಗ್ತೀರಿ."

"ಕಾಗದ ಕೈ ಕೊಡುತ್ತೆ. ನೆಂಟಸ್ತಿಕೆ ಕೈ ಕೊಡಲ್ಲ. ದೊಡ್ಡವಳಿಗೆ ಏನು ಕಮ್ಮಿಯಾಗಿದೆ ಹೇಳಿ? ಒಂದು ದಿನ ಬಾಯಿಬಿಟ್ಟು ಅತ್ತಿದ್ದಾಳಾ?"

ಹೊಲಿಗೆ ಯಂತ್ರ ನಿಂತಿತು. ಹಿರಿಯ ಮಗಳು ಎದ್ದು ಮೇಲೆ ಹೋದಳು. ದಡಬಡ ಸದ್ದಾಯಿತು. ತನ್ನ ಹಾಸಿಗೆಯನ್ನು ಮೆಟ್ಟಿಲ ಮೇಲೆ ಎಳೆದು ತಂದು ಅಪ್ಪನ ಮುಂದೆ ಹಾಸಿದಳು.

"ಊರವರ ಹಾಸಿಗೆ ಎಲ್ಲ ಒತ್ತಿ ನೋಡ್ತೀಯಲ್ಲಪ್ಪಾ. ಇದನ್ನೂ ನೋಡು."

"ಏನೇ ಇದು, ಹೊರಗಿನವರ ಮುಂದೆ..."

"ನೋಡು."

ಅವರು ಬಲಗಡೆ ಅಂಗೈ ಇಟ್ಟರು. ಅಲ್ಲಿ ಹತ್ತಿ ಹಲಗೆಯಾಗಿತ್ತು, ಮಲಗಿದವಳ ಮೈಯಷ್ಟೇ ಅಗಲದ ತಗ್ಗು. ಎಡಗಡೆ ಇಟ್ಟರು. ಮದುವೆಯ ದಿನ ತಾವು ತುಂಬಿದ ಹತ್ತಿ ತುಂಬಿದ ಹಾಗೇ ಇತ್ತು. ಕೈ ಅಲ್ಲೇ ನಿಂತಿತು. ಈ ಮನೆಯ ಕಥೆಯೂ ಅಂಗೈಗೆ ತಿಳಿಯಿತು.

"ಪುಟ್ಟಿ ಹಾಸಿಗೆಗೆ ನಾನು ಸೂಜಿ ಹಿಡಿಯಲ್ಲ" ಎಂದಳು ಮಗಳು. "ಅವಳನ್ನ ಕೊಡೋಕೂ ಬಿಡಲ್ಲ. ಅಂಗಡಿ ಮೇಲೆ ಒಬ್ಬಳು ಒಂಟಿಯಾಗಿ ಸತ್ತಿದ್ದು ಸಾಕು."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಜಮಾನರು ಕತ್ತರಿ ತೆಗೆದುಕೊಂಡು, ಅರ್ಧ ಹೊಲಿದಿದ್ದ ಮದುವೆಯ ಹಾಸಿಗೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದರು. ಹತ್ತಿ ಮಡಿಲಿಗೆ ಬಿತ್ತು. ಪುಟ್ಟಿ ಜೋರಾಗಿ ಸೀನಿದಳು.

"ಲಾಯರಮ್ಮ, ನಿಮ್ಮ ಆಫೀಸು ನಾಳೆ ತೆಗೆದಿರುತ್ತಾ?" ಎಂದು ಅವರು ತಲೆ ಎತ್ತದೆ ಕೇಳಿದರು. "ಆ ಹೊಸ ಮಳಿಗೆ ವಿಷಯ..."

"ನಾನೂ ಬರ್ತೀನಿ" ಎಂದಳು ಹಿರಿಯ ಮಗಳು. "ನನಗೆ ಅವನಿಂದ ಬಿಡುಗಡೆ ಬೇಕು."

"ಹಾಗಾದ್ರೆ ಈ ಅಂಗಡಿ ಹೋಗುತ್ತಲ್ಲೇ!" ಎಂದಳು ಅಮ್ಮ.

ಅದಕ್ಕೆ ಉತ್ತರ ಕೊಟ್ಟವರು ಅಪ್ಪ.

"ಹೋಗ್ಲಿ ಬಿಡು."