ಬ್ಲೇಡು ಮುಟ್ಟದ ವಾರ

"ಗಡ್ಡ ಬಿಟ್ಟಾರ. ಅಷ್ಟೇ ಹೇಳ್ತೀನಿ. ನೀನೇ ಬಂದು ನೋಡು," ಎಂದಳು ಕಾಶಿಬಾಯಿ ಫೋನಿನಲ್ಲಿ, ದನಿ ತಗ್ಗಿಸಿ. ಹಿಂದೆ ಎಲ್ಲೋ ಟಿವಿ ಒದರುತ್ತಿತ್ತು. ಗಂಡ ಆ ಕೋಣೆಯಲ್ಲಿದ್ದಾರೆ, ತಾನು ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂದು ಅವಳು ಬೇರೆಯಾಗಿ ಹೇಳಬೇಕಾಗಿರಲಿಲ್ಲ.

ನಾಸಿಕದ ಮನೆಯಲ್ಲಿ ಊಟಕ್ಕೆ ಕೂತಿದ್ದ ಗುರುಪ್ರಸಾದ ನಕ್ಕುಬಿಟ್ಟ. "ಪ್ರತಿ ವರ್ಷ ಶ್ರಾವಣದಾಗ ಬಿಡ್ತಾರಲ್ಲವ್ವ."

"ಶ್ರಾವಣ ಮುಗದು ಯಾವ ಕಾಲ ಆತು! ಪೋಳಾ ಅಮಾಸಿ, ಎತ್ತಿನ ಹಬ್ಬದ ಮರುದಿನ ತಗೀತಿದ್ರು. ಈ ಸಲ ಕೇಳಿದ್ರ ಗಣಪತಿ ಹೋಗಲಿ ಅಂದ್ರು. ಗಣಪತಿ ಹೋದ. ಈಗ ಪಿತೃಪಕ್ಷ ಅಂತಾರ. ನಮ್ಮ ಮನ್ಯಾಗ ಪಿತೃಪಕ್ಷ ಯಾವಾಗ ಹಿಡದೀವಿ, ನೀನೇ ಹೇಳು."

ಗುರುಪ್ರಸಾದನ ಕೈಯ ತುತ್ತು ತಟ್ಟೆಗೇ ವಾಪಸಾಯಿತು. ಹೌದಲ್ಲ. ಭಾಲ್ಕಿ ಕಡೆಯಿಂದ ಸಂಭಾಜಿನಗರಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟ ಲಿಂಗವಂತರ ಮನೆ ಅವರದು. ಅಪ್ಪನ ಬಾಯಲ್ಲಿ ಪಿತೃಪಕ್ಷದ ಹೆಸರನ್ನೇ ಅವನು ಕೇಳಿರಲಿಲ್ಲ. ಅಪ್ಪ ಅಂದರೆ ವಿಶ್ವನಾಥಪ್ಪ, ಗುಲ್‌ಮಂಡಿ ಪೇಟೆಯ ಗಿರಾಕಿಗಳಿಗೆಲ್ಲ ಸಾವಕಾರರು. ದಾಡಿ ಮಾಡಿಕೊಳ್ಳದೆ ಚಹಾ ಮುಟ್ಟಿದ ಮನುಷ್ಯನಲ್ಲ. ಶ್ರಾವಣ ಬಿಟ್ಟರೆ ಅವರ ಬ್ಲೇಡಿಗೆ ರಜೆ ಸೋಮವಾರ ಮಾತ್ರ. ಅದು ಶಿವನ ವಾರ. ಅವತ್ತು ಮನೆಯಲ್ಲಿ ಮದುವೆ ಇದ್ದರೂ ಅವರು ಕುರುಚಲು ಗಡ್ಡದಲ್ಲೇ ಅಕ್ಷತೆ ಹಾಕುವವರು.

"ಅಂಗಡಿಗೂ ಹೋಗ್ಲತ್ತಿಲ್ಲ," ಕಾಶಿಬಾಯಿ ಇನ್ನೂ ಹೇಳುತ್ತಿದ್ದಳು. "ಊಟಾ ಟಿವಿ ಮುಂದ ಒಬ್ಬರೇ ಕುಂತು ಮಾಡ್ತಾರ. ಚಹಾ ಅರ್ಧಾ ಕಪ್ ಸಾಕಂತಾರ. ಏನಾಗ್ಯದ ಅಂತ ಕೇಳಿದ್ರ ಮೈಮ್ಯಾಲ ಬರ್ತಾರ. ನನಗ ಹೆದ್ರಿಕಿ ಆಗ್ಲತ್ತದ ಗುರು. ನಮಗೆಲ್ಲಾ ಹೇಳದಂಗ ಏನರೇ ಬ್ಯಾನಿ ನುಂಗಿಕೊಂಡು ಕುಂತಾರೋ ಏನೋ."

ಫೋನು ಇಟ್ಟ ಮೇಲೆ ಗುರುಪ್ರಸಾದ ಹೆಂಡತಿಯ ಮುಖ ನೋಡಿದ. ಪ್ರಿಯಾ ಹುಟ್ಟಿ ಬೆಳೆದದ್ದೆಲ್ಲ ನಾಸಿಕದಲ್ಲಿ. ಅವಳ ಕನ್ನಡಕ್ಕೆ ಅರ್ಧ ಮರಾಠಿ ಒಗ್ಗರಣೆ. ಆದರೆ ಮಾವನನ್ನು ಅವಳು ಮಗನಿಗಿಂತ ಚೆನ್ನಾಗಿ ಓದಿಕೊಂಡಿದ್ದಳು.

"ಡೈರೆಕ್ಟ್ ಕೇಳಬ್ಯಾಡ. ಕೇಳಿದ್ರ ಮಾವ ಹೇಳೋರಲ್ಲ," ಎಂದಳು. "ದಾಡಿ ಕಲಸ್ರಿ ಅಂತ ಹೋಗು. ಕಲಸೋದಂದ್ರ ಅವರಿಗೆ ಭಾರೀ ಆವಡ, ಭಾಳ ಇಷ್ಟ. ಖರೇನೂ ನಿನಗ ಬರೂದೇ ಇಲ್ಲಲ್ಲ."

ಅದು ಮಾತ್ರ ನೂರಕ್ಕೆ ನೂರು ನಿಜ. ಗುರುಪ್ರಸಾದನಿಗೆ ಮೀಸೆ ಚಿಗುರುವ ಹೊತ್ತಿಗೆ ಊರಿಗೆಲ್ಲ ಟ್ರಿಮ್ಮರ್ ಬಂದಿತ್ತು. ಮದುವೆಯಾಗಿ ಮೂವತ್ತು ದಾಟಿದರೂ ಅವನ ಗಲ್ಲಕ್ಕೆ ಬ್ಲೇಡು ಸೋಕಿರಲಿಲ್ಲ. ಪಿಂಪಳಗಾಂವ್ ಬಸವಂತಿನ ದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ಅವನದು ಮಾಲು ನೋಡುವ ಕೆಲಸ. ಹಂಗಾಮು ಇನ್ನೂ ದೂರವಿತ್ತು, ಸೋಮವಾರಕ್ಕೂ ಸೇರಿಸಿ ರಜೆ ಸಿಕ್ಕಿತು. ಶನಿವಾರದ ಬಸ್ಸಿನಲ್ಲಿ ಯೇವಲೆ ದಾಟುವಷ್ಟರಲ್ಲಿ ಅವನು ಮೊಬೈಲಿನಲ್ಲಿ ಹಳೇ ಕಾಲದ ದಾಡಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ನೋಡಿ ಮುಗಿಸಿದ್ದ. ನೆಪಕ್ಕೆ ಶುರುಮಾಡಿದ್ದು, ವೈಜಾಪುರ ಬರುವ ಹೊತ್ತಿಗೆ ಖರೇ ಹುಚ್ಚೇ ಹಿಡಿದಿತ್ತು. ಒಂದು ಬ್ಲೇಡು, ಒಂದು ಬ್ರಷ್ಷು, ಅದರ ಹಿಂದೆ ಇಷ್ಟು ದೊಡ್ಡ ಪುರಾಣ ಇರುತ್ತದೆಂದು ಯಾರಿಗೆ ಗೊತ್ತಿತ್ತು.

ಅಪ್ಪನನ್ನು ನೋಡಿದಾಗ ಮಾತ್ರ ಆ ಹುಚ್ಚು ಇಳಿದುಹೋಯಿತು. ಬಿಳಿ ಗಡ್ಡ ಗಲ್ಲವನ್ನೆಲ್ಲ ಮುಚ್ಚಿತ್ತು. ಸೆಕೆಯಲ್ಲೂ ಹೆಗಲ ಮೇಲೆ ಶಾಲು. ಅಪ್ಪ ಸಣ್ಣಗಾಗಿದ್ದರು.

"ಅಪ್ಪಾ, ನನಗ ಬ್ಲೇಡಿಲೆ ದಾಡಿ ಮಾಡ್ಕೊಳ್ಳೋದು ಕಲಸ್ರಿ," ಎಂದ, ಕಾಲಿಗೆ ನಮಸ್ಕಾರ ಮಾಡಿ ಏಳುತ್ತಲೇ.

ವಿಶ್ವನಾಥಪ್ಪ ಮಗನ ಮುಖವನ್ನು ಬಟ್ಟೆಯ ಥಾನು ನೋಡುವಂತೆ ಆಚೀಚೆ ನೋಡಿದರು. "ಈಗ ನೆನಪಾತೇನು?"

"ಟ್ರಿಮ್ಮರ್ ಹಚ್ಚಿ ಹಚ್ಚಿ ಬೇಜಾರಾಗ್ಯದ್ರಿ. ನಾಳಿ ಮುಂಜಾನಿ ನೀವು ಮಾಡಿ ತೋರಸ್ರಿ, ನಾ ನೋಡ್ಕೊಂಡು ಮಾಡ್ತೀನಿ."

"ನಾಳಿ ಬ್ಯಾಡ," ವಿಶ್ವನಾಥಪ್ಪ ತಟ್ಟನೆ ಅಂದರು. "ಸಾಮಾನ ಎಲ್ಲಿ ಅದ? ನಾಳಿ ಸಂಜಿಗೆ ತರೂಣು. ಸೋಮವಾರ ಕಲಸ್ತೀನಿ."

ನೀರು ತಂದ ಕಾಶಿಬಾಯಿ ಬಾಗಿಲಲ್ಲೇ ನಿಂತಳು. "ಸೋಮವಾರಾನಾ?"

"ಮಾಡ್ಕೊಳ್ಳಾಂವ ಅಂವ. ನಾ ಬಾಯಿಲೆ ಹೇಳ್ತೀನಿ, ಬ್ಲೇಡ್ ಮುಟ್ಟಂಗಿಲ್ಲ. ನೌಕರಿ ಮಾಡೋ ಹುಡುಗರಿಗಿ ಯಾವ ಸೋಮವಾರ, ಯಾವ ಮಂಗಳವಾರ," ಎಂದು ಅವರು ಟಿವಿ ಕಡೆ ತಿರುಗಿಬಿಟ್ಟರು. ತಾಯಿ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಮಾತು ಅವರ ಬಾಯಿಂದ ಬರುವಂಥದ್ದೇ ಅಲ್ಲ.

ಭಾನುವಾರ ಸಂಜೆ ಅಪ್ಪ ಮಗ ಹೋದದ್ದು ಗುಲ್‌ಮಂಡಿಯ ಹಿಂದಿನ ಗಲ್ಲಿಯಲ್ಲಿರುವ ಲಾಲಸಾಬನ ಕಟಲರಿ ಅಂಗಡಿಗೆ. ಬಾಚಣಿಕೆ, ಬಳೆ, ಕನ್ನಡಿ, ಸೂಜಿ, ದಾಡಿಯ ಸಾಮಾನು, ಎಲ್ಲ ಒಂದರ ಮೇಲೊಂದು. ಲಾಲಸಾಬ ಹುಮನಾಬಾದಿನವನು, ಸಾವಕಾರರ ಜೊತೆ ಅವನದು ಮೊದಲಿಂದಲೂ ಕನ್ನಡವೇ.

"ಏನ್ರಿ ಸಾವಕಾರ್ರ, ನನ್ನ ಗಡ್ಡಕ್ಕ ಪೈಪೋಟಿ ನಡಿಸೀರಿ?" ಎಂದು ಅವನು ತನ್ನ ಮದರಂಗಿ ಗಡ್ಡ ಸವರುತ್ತ ಕೂತಲ್ಲಿಂದಲೇ ನಕ್ಕ.

"ನಿಂದು ಬಣ್ಣದ್ದು, ನಂದು ಖರೇದು," ಎಂದರು ವಿಶ್ವನಾಥಪ್ಪ. ಎಷ್ಟೋ ದಿನಗಳ ಮೇಲೆ ಅಪ್ಪ ಹೊರಗೆ ಬಂದಿದ್ದಾರೆ, ಬಂದು ಚೇಷ್ಟೆಯ ಮಾತನ್ನೂ ಆಡಿದರು. ಗುರುಪ್ರಸಾದನಿಗೆ ಖುಷಿಯಾಯಿತು. ಪ್ರಿಯಾಳ ಈ ಉಪಾಯಕ್ಕೆ ಒಂದು ಸೀರೆ ಕೊಡಿಸಬೇಕು ಅಂದುಕೊಂಡ.

ಲಾಲಸಾಬ ಮೊದಲು ಇಳಿಸಿದ್ದು ಒಂದು ಕಪ್ಪು ಡಬ್ಬ. ಮುಂಬೈ ಮಾಲು, ಹೊಸದಾಗಿ ಕಲಿಯುವವರಿಗೆಂದೇ ಮಾಡಿದ್ದು. ಒಳಗೆ ಬಂಗಾರದ ಬಣ್ಣದ ರೇಜರು, ಬ್ರಷ್ಷು, ಎರಡನ್ನೂ ನೇತುಹಾಕುವ ಸ್ಟ್ಯಾಂಡು, ಎರಡು ಬಗೆಯ ಅತ್ತರಿನ ಬಾಟಲಿ. ಗುರುಪ್ರಸಾದನ ಕಣ್ಣು ಅದರ ಮೇಲೇ ಕೂತಿತು.

"ಇದರಾಗ ದಾಡಿ ಮಾಡೋದು ಎಷ್ಟ, ಮದುಮಗಗ ಕೊಡೋದು ಎಷ್ಟ?" ಎಂದರು ವಿಶ್ವನಾಥಪ್ಪ. "ಸ್ಟ್ಯಾಂಡ್ ಯಾಕ? ಮೊಳಿ ಇಲ್ಲೇನು ಗ್ವಾಡಿಗಿ? ಬ್ರಷ್ ಯಾವುದರ ಕೂದಲಾ ಕೇಳು."

ಲಾಲಸಾಬ ಡಬ್ಬದ ಹಿಂದಿನ ಸಣ್ಣ ಅಕ್ಷರವನ್ನು ಓದಿದ. ಮತ್ತೊಮ್ಮೆ ಓದಿದ. ಡಬ್ಬ ಮುಚ್ಚಿ ಆಚೆ ಸರಿಸಿದ. "ಹಂದಿದು ಅಂತ್ರಿ. ತೌಬಾ. ಇದನ್ನ ನಾನೂ ಮಾರಂಗಿಲ್ಲ, ನೀವೂ ಒಯ್ಯಂಗಿಲ್ಲ," ಎಂದ. ಮೂವರೂ ನಕ್ಕರು.

ಆಮೇಲೆ ಶುರುವಾಯಿತು ಅಪ್ಪನ ಆರಿಸುವ ಕೆಲಸ. ನೈಲಾನ್ ಎಳೆಯ ಬ್ರಷ್ಷು, ಗಲ್ಲಕ್ಕೆ ಮೆತ್ತಗೆ ತಾಗುವಂಥದ್ದು. ಟ್ಯೂಬಿನ ಕ್ರೀಮು ಬೇಡ, ಬಟ್ಟಲಲ್ಲಿ ಕೂರುವ ದುಂಡು ಸಾಬೂನು. ಬಟ್ಟಲು ಗಾಜಿನದು ಬೇಡ, ಸ್ಟೀಲಿನದು. ಕೊಯ್ದಲ್ಲಿ ಉಜ್ಜಲು ಪಟಕದ ಹರಳು. ರೇಜರಿಗೆ ಬಂದಾಗ ಅವರು ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಒಂದೊಂದನ್ನೂ ಎಡಗೈಯಲ್ಲಿ ತೂಗಿ ನೋಡಿದರು. ಬಲಗೈ ಶಾಲಿನೊಳಗಿತ್ತು.

"ಹಿಡಿಕಿ ದಪ್ಪ ಬೇಕು. ಸಣ್ಣದು ಜಾರ್ತದ. ಮತ್ತ ಬುಡಾ ತಿರುವಿದ್ರ ಮ್ಯಾಲ ಬಾಗಿಲ ತೆರದಂಗ ತೆರೀಬೇಕು. ಬ್ಲೇಡ್ ಇಡೋಮುಂದ ಅಂಚು ಹಿಡಕೊಂಡು ಒದ್ದಾಡೋ ಕೆಲಸ ಇರಬಾರದು."

"ನೀವು ಮೂರು ತುಂಡಾಗಿ ಬಿಚ್ಚೋದೇ ಖರೇ ರೇಜರು ಅಂತಿದ್ರಿ," ಎಂದ ಲಾಲಸಾಬ. "ಬಾಗಿಲದ್ದು ಕೈಲಾಗದೋರ ರೇಜರು ಅಂತ ನಗತಿದ್ರಿ."

"ಹೊಸಬಗ ಹೇಳ್ಲತ್ತೀನಿ," ಎಂದರು ವಿಶ್ವನಾಥಪ್ಪ ಬಿರುಸಾಗಿ.

ಗುರುಪ್ರಸಾದ ದುಡ್ಡು ಕೊಡಲು ಗಲ್ಲಾಪೆಟ್ಟಿಗೆಯತ್ತ ಹೋಗಿ ಮೊಬೈಲು ತೆಗೆದ. ಅಂಗಡಿಯ ಕಂಬಕ್ಕೆ ತೂಗುಹಾಕಿದ್ದ ಕನ್ನಡಿಯೊಂದರಲ್ಲಿ ಅಪ್ಪ ಕಂಡರು. ಯಾರೂ ನೋಡುತ್ತಿಲ್ಲ ಎಂದುಕೊಂಡು ಅವರು ಖಾಲಿ ರೇಜರನ್ನು ಎಡಗೈಯಲ್ಲಿ ಹಿಡಿದು ಗಲ್ಲದ ಪಕ್ಕದ ಗಾಳಿಯಲ್ಲಿ ಮೇಲಿನಿಂದ ಕೆಳಗೆ ಎಳೆದುಕೊಂಡರು. ಒಮ್ಮೆ ಎಳೆದು ನಿಲ್ಲಿಸಿ, ಮಣಿಕಟ್ಟು ಹೊರಳಿಸಿ, ಮತ್ತೊಮ್ಮೆ ಎಳೆದರು. ಅಪ್ಪನಿಗೆ ದಾಡಿಯ ಆಸೆಯೇನೋ ಇದೆ, ಮತ್ತೆ ಯಾಕೆ ಈ ಹಟ, ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ. ಮನೆ ಬಂತು, ಉತ್ತರ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕನ್ನಡಿ ಇಟ್ಟದ್ದಾಯಿತು. ಟ್ರಿಮ್ಮರ್ ಹಚ್ಚಿ ಗಡ್ಡವನ್ನು ತಗ್ಗಿಸಿಕೊಂಡು, ಕೊರಳಿಗೆ ಟವೆಲ್ ಕಟ್ಟಿಕೊಂಡು ಗುರುಪ್ರಸಾದ ಸ್ಟೂಲಿನ ಮೇಲೆ ಕೂತ. ವಿಶ್ವನಾಥಪ್ಪ ಪಕ್ಕದ ಕುರ್ಚಿಯಲ್ಲಿ, ಶಾಲು ಹೊದ್ದು.

"ಬಿಸಿನೀರಿನ ಅರಿವಿ ಗಲ್ಲಕ್ಕ ಹಿಡಿ. ಗಡಿಬಿಡಿ ಮಾಡಬ್ಯಾಡ, ಕೂದಲಾ ಮೆತ್ತಗಾಗಲಿ. ಹಾಂ, ಈಗ ಸಾಬೂನು. ಬ್ರಷ್ ತಿಕ್ಕಬ್ಯಾಡ, ದುಂಡಗ ತಿರುವು. ನೀರು ಹೆಚ್ಚಾತು. ಇನ್ನಷ್ಟು ತಿರುವು."

ನೊರೆ ಎದ್ದಿತು. ಡಬ್ಬಿಯಿಂದ ಪುಸ್ಸನೆ ಬರುವ ನೊರೆಯಲ್ಲ, ಹಾಲಿನ ಕೆನೆಯ ಹಾಗೆ ದಟ್ಟವಾದದ್ದು, ಬೆಚ್ಚಗಿನದು. ಗುರುಪ್ರಸಾದನಿಗೆ ಇದನ್ನೇ ಇಡೀ ದಿನ ಮಾಡುತ್ತ ಕೂರಬಹುದು ಅನ್ನಿಸಿತು.

"ಈಗ ಬೆರಳಿಲೆ ಸವರಿ ನೋಡು. ಕೂದಲಾ ಯಾವ ಕಡಿ ಮಲಗ್ಯಾವ, ಆ ಕಡಿಗೇ ಇಳೀಬೇಕು. ಬ್ಲೇಡ್ ಒತ್ತಬ್ಯಾಡ. ಅದರ ಭಾರಕ್ಕ ಅದೇ ಇಳೀತದ. ಬಟ್ಟಿ ಕತ್ತರಸೋಮುಂದ ಕತ್ತರಿ ನೂಕ್ತೀವೇನು? ಹಂಗೇ ಬಿಡೂದು."

ಕರಕರ ಸದ್ದಾಯಿತು. ನೊರೆಯ ನಡುವೆ ಒಂದು ಪಟ್ಟಿ ಚರ್ಮ ಬಯಲಾಯಿತು. ಅವನದೇ ಗಲ್ಲ, ಆದರೆ ಎಷ್ಟೋ ವರ್ಷದಿಂದ ಅವನೇ ನೋಡಿರದ ಗಲ್ಲ. ಇನ್ನೊಂದು ಪಟ್ಟಿ, ಮತ್ತೊಂದು. ಒಂದು ಮಗ್ಗುಲು ಮುಗಿಯಿತು. ಅಪ್ಪ "ಶಾಬ್ಬಾಸ್" ಅಂದದ್ದೇ ತಡ, ಜಂಬ ಬಂದು ಗದ್ದದ ತಿರುವಿನಲ್ಲಿ ಕೈ ಜೋರಾಯಿತು. ನೊರೆ ಕೆಂಪಾಯಿತು.

ವಿಶ್ವನಾಥಪ್ಪ ಗಹಗಹಿಸಿ ನಕ್ಕರು. "ಕೊಯ್ಕೊಂಡಿ? ಈಗ ಗಂಡಸಾದಿ. ತಡಿ, ಪಟಕ ಹಚ್ತೀನಿ," ಎಂದವರು ಮುಂದೆ ಬಾಗಿ, ನಗುವಿನ ಭರದಲ್ಲಿ ಮರೆತು, ಶಾಲಿನೊಳಗಿನಿಂದ ಬಲಗೈ ತೆಗೆದು ಹರಳನ್ನು ಎತ್ತಿಕೊಂಡರು.

ಕೈ ಅವನ ಗದ್ದದವರೆಗೆ ಬಂತು. ಗದ್ದಕ್ಕೆ ಮುಟ್ಟಲಿಲ್ಲ. ಹರಳು ಹಿಡಿದ ಬೆರಳುಗಳು ಗಾಳಿಯಲ್ಲಿ ಅದುರುತ್ತಿದ್ದವು. ಅವರು ಹಲ್ಲು ಕಚ್ಚಿ ಇನ್ನೊಮ್ಮೆ ಯತ್ನಿಸಿದರು. ಹರಳು ಜಾರಿ ನೀರಿನ ಬಟ್ಟಲಿಗೆ ಬಿತ್ತು.

ಅರ್ಧ ಕಪ್ಪು ಚಹಾ. ಒಬ್ಬರೇ ಕೂತು ಮಾಡುವ ಊಟ. ದಪ್ಪ ಹಿಡಿಕೆ, ಬಾಗಿಲಿನ ರೇಜರು. ಬಾಯಲ್ಲಿ ಹೇಳಿದರೆ ಸಾಕಾಗುವ ಸೋಮವಾರ. ಗುರುಪ್ರಸಾದನಿಗೆ ಎಲ್ಲ ಒಟ್ಟಿಗೇ ತಿಳಿಯಿತು. ತಾನೆಂಥ ದಡ್ಡ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಅಳು ಬಂತು.

"ಯಾವಾಗಿಂದ್ರೀ ಅಪ್ಪಾ?"

ವಿಶ್ವನಾಥಪ್ಪ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದಿದ್ದರು. "ಪೋಳಾದ ಮರುದಿನ ಕನ್ನಡಿ ಮುಂದ ಕುಂತೆ. ಸಾಬೂನ ಹಚ್ಕೊಂಡೆ. ಬ್ಲೇಡ್ ಎತ್ತಿದ್ರ ಹಿಂಗ ಮಾಡ್ಲತ್ತು. ಮುಖಾ ತೊಳಕೊಂಡು ಎದ್ದುಬಿಟ್ಟೆ." ಆ ಕೈಯನ್ನೇ ನೋಡುತ್ತ ಅಂದರು, "ಗಿರಾಕಿ ಮುಂದ ಕತ್ತರಿ ಹಿಡದು ಹ್ಯಾಂಗ ನಿಂದ್ರಲಿ? ನಮ್ಮಪ್ಪಗೂ ಹಿಂಗೇ ಸುರುವಾಗಿತ್ತು. ಕಡೀಕ ತುತ್ತೂ ಮಂದೀನೇ ಇಡಬೇಕಾತು. ನನಗ ಅದೇ ಹೆದ್ರಿಕಿ."

ಬಾಗಿಲಲ್ಲಿ ಕಾಶಿಬಾಯಿ ಚಹಾ ಹಿಡಿದು ನಿಂತಿದ್ದಳು. ಅವಳು ಯಾವಾಗ ಬಂದಳೋ ಇಬ್ಬರಿಗೂ ಗೊತ್ತಿರಲಿಲ್ಲ.

"ಅದಕ್ಕ ದೇವರು ದಿಂಡರನ್ನೆಲ್ಲಾ ಅಡ್ಡ ಇಟ್ರಿ," ಎಂದಳು. ಸಿಟ್ಟು ಮಾಡಬೇಕೆಂದುಕೊಂಡಿದ್ದಳು, ಆಗಲಿಲ್ಲ.

"ಡಾಕ್ಟರ್ ಕಡಿ ಹೋಗೂಣ್ರೀ," ಎಂದ ಗುರುಪ್ರಸಾದ. "ಇವತ್ತೇ. ನಾ ನಾಸಿಕಕ್ಕ ನಾಳಿ ಹೋಗ್ತೀನಿ. ಎಲ್ಲಾರದೂ ಒಂದೇ ತರ ಇರೂದಿಲ್ಲ, ಔಷಧ ಅವ ಈಗ."

ವಿಶ್ವನಾಥಪ್ಪ ಮಗನ ಮುಖವನ್ನು ನೋಡಿದರು. ಒಂದು ಮಗ್ಗುಲು ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ ಒಣಗುತ್ತಿತ್ತು, ಗದ್ದದಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಆಮೇಲೆ ಹೆಗಲಿನ ಶಾಲು ತೆಗೆದು ಕಟ್ಟೆಯ ಮೇಲೆ ಇಟ್ಟರು. ಎಡಗೈ ಚಾಚಿ ಮಗನ ಕೊರಳಿನ ಟವೆಲ್ಲನ್ನು ಎಳೆದು ತಮ್ಮ ಕೊರಳಿಗೆ ಹಾಕಿಕೊಂಡರು.

"ಈ ಅವತಾರದಾಗ ಡಾಕ್ಟರ್ ಕಡಿ ಬರಂಗಿಲ್ಲ ನಾ," ಎಂದರು. "ಮೊದಲ ನಿನ್ನ ಆ ಗುಂಯ್ ಅನ್ನೋ ಮಿಶಿನ್ ಹಚ್ಚು. ಆಮ್ಯಾಲ ಸಾಬೂನು."

ಒಂದೇ ಕೈಯಲ್ಲಿ ಟವೆಲ್ಲಿಗೆ ಗಂಟು ಬೀಳಲಿಲ್ಲ. ಕಾಶಿಬಾಯಿ ಚಹಾ ಕೆಳಗಿಟ್ಟು ಬಂದು ಅವರ ಹಿಂದೆ ನಿಂತು ಗಂಟು ಹಾಕಿದಳು.

"ಇವತ್ತ ಸೋಮವಾರ್ರೀ," ಎಂದಳು ಮೆಲ್ಲಗೆ.

"ಗೊತ್ತದ," ಎಂದು ವಿಶ್ವನಾಥಪ್ಪ ಕಣ್ಣು ಮುಚ್ಚಿ ಗದ್ದ ಮೇಲೆತ್ತಿದರು. ಅವರ ಬಲಗೈ ಶಾಲಿಲ್ಲದೆ, ಬಿಸಿಲಿನಲ್ಲಿ, ತೊಡೆಯ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು.