ಬೈಗುಳ ಓದುವ ಮೇಷ್ಟ್ರು

ಬುಧವಾರ ಬಂತೆಂದರೆ ನನಗೆ ಬೆಳಗ್ಗಿನಿಂದಲೇ ಆಕಳಿಕೆ. ಪಂಚಾಯಿತಿ ಕಚೇರಿಯ ಮಹಡಿಯ ಮೇಲೆ ರಾಜಿ ಸಮಿತಿ ಕೂರುವುದು ಅಂದೇ. ನಿವೃತ್ತ ಮೇಷ್ಟ್ರು, ಊರವರು ಇವರ ಮಾತಿಗೆ ಬೆಲೆ ಕೊಡುತ್ತಾರೆ ಎಂಬ ನಂಬಿಕೆಯಿಂದ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ಹೊಲದ ಬದು, ಸ್ಕೂಟರ್ ಡಿಕ್ಕಿ, ಅಣ್ಣತಮ್ಮಂದಿರ ಪಾಲು, ಎಲ್ಲವೂ ಬರುತ್ತದೆ. ಆದರೆ ಹೆಚ್ಚಿಗೆ ಬರುವುದು ಬೈಗುಳ. ನಮ್ಮ ತೈವಾನಿನಲ್ಲಿ ನಾಲ್ಕು ಜನರೆದುರು ಒಬ್ಬನನ್ನು ಹಂದಿ ಎಂದರೆ ಅದು ಅಪರಾಧ. ಪೊಲೀಸರು ಬರೆದುಕೊಳ್ಳುತ್ತಾರೆ, ಕೋರ್ಟು ನೋಟಿಸು ಕಳಿಸುತ್ತದೆ. ಕೋರ್ಟಿಗೂ ಪಾಪ ಬೇಸರವಾಗಿರಬೇಕು, ಮೊದಲು ರಾಜಿ ಮಾಡಿಕೊಂಡು ಬನ್ನಿ ಎಂದು ನಮ್ಮ ಕಡೆ ತಳ್ಳುತ್ತದೆ.

ಬೈದವರನ್ನೂ ಬೈಸಿಕೊಂಡವರನ್ನೂ ಎದುರುಬದುರು ಕೂರಿಸಿ, ಚಹಾ ಕೊಟ್ಟು, ದೂರಿನಲ್ಲಿರುವ ಬೈಗುಳವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಇದನ್ನೇ ಅಂದದ್ದು ಹೌದು ತಾನೆ ಎಂದು ಕೇಳಬೇಕು. ಅದನ್ನು ನಾನು ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಓದುತ್ತಿದ್ದೆ. ಎಂಥ ಹೊಲಸು ಮಾತಾದರೂ ಆ ದನಿಯಲ್ಲಿ ಎರಡು ಸಲ ಓದಿದರೆ ಸತ್ತುಹೋಗುತ್ತದೆ. ಎದುರಿನವರಿಗೆ ನಗು ಬರುತ್ತದೆ ಇಲ್ಲವೇ ನಾಚಿಕೆಯಾಗುತ್ತದೆ. ಸಹಿ ಹಾಕಿ, ಮಿಕ್ಕ ಚಹಾ ಕುಡಿದು ಮನೆಗೆ ಹೋಗುತ್ತಾರೆ. ನನ್ನ ಈ ಉಪಾಯದ ಬಗ್ಗೆ ನನಗೆ ಜಂಬವೂ ಇತ್ತು.

ಹಿರಿಯರ ದಿನದಂದು ಮಾಜು ದೇವಿ ಗುಡಿಯ ಅಂಗಳದಲ್ಲಿ ಪಂಚಾಯಿತಿ ಅಧ್ಯಕ್ಷ ಲಿಯಾವ್ ಪಿಂಗ್-ಕುನ್ ಮುದುಕರಿಗೆಲ್ಲ ಹೊದಿಕೆ ಹಂಚುತ್ತಿದ್ದ. ಅವನು ನನ್ನ ಕೈಯಲ್ಲಿ ಕಲಿತವನೇ. ಬಾಯಿ ಸಿಹಿ, ಕೈ ಉದ್ದ. ಆಗ ಟಿಂಗ್ ಆ-ಕ್ವೇ ಎಂಬ ಹೆಂಗಸು ಎದ್ದು ಬಂದು, ಅವನ ಮುಂದಿನ ಮೈಕನ್ನೇ ಕಿತ್ತುಕೊಂಡು, "ಕಂಚು ತಿಂದೆ, ಕಬ್ಬಿಣ ತಿಂದೆ, ಈಗ ನಮ್ಮನ್ನೂ ತಿಂತೀಯಾ, ಹೆಣ ತಿನ್ನೋ ನಾಯಿ" ಎಂದು ಲಂಚಕೋರರಿಗೆ ಬೈಯುವ ಹಾಗೆ ಬೈದುಬಿಟ್ಟಳು. ಊರಿಗೆ ಊರೇ ಕೇಳಿತು. ಟೀವಿಯವರೂ ಇದ್ದರು. ಮರುದಿನವೇ ಅವನು ದೂರು ಕೊಟ್ಟ.

ಆ-ಕ್ವೇ ಸಮುದ್ರದಂಚಿನ ಹೊಂಡದಲ್ಲಿ ಕಪ್ಪೆಚಿಪ್ಪು ಸಾಕುವವಳು. ಹೊಂಡದ ಪಕ್ಕ ಒಂದು ಕಾಲುವೆ, ಕಾಲುವೆಯ ಮೇಲ್ತುದಿಯಲ್ಲಿ ಲೋಹಕ್ಕೆ ಮೆರುಗು ಹಾಕುವ ಕಾರ್ಖಾನೆ. ನೀರು ಕೆಟ್ಟು ಚಿಪ್ಪು ಸಾಯುತ್ತಿದೆ ಎಂದು ಅವಳು ವರ್ಷಗಟ್ಟಲೆ ಪಂಚಾಯಿತಿಗೆ ಅರ್ಜಿ ಹಾಕಿದ್ದಳು. ಎಲ್ಲಕ್ಕೂ ಮೊದಲು 'ದಯವಿಟ್ಟು', ಕೊನೆಗೆ 'ತಮ್ಮ ವಿಶ್ವಾಸಿ'. ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ ಎಂದು ಪ್ರತಿ ಸಲವೂ ಒಂದೇ ಉತ್ತರ ಬರುತ್ತಿತ್ತು. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. ಹೊಂಡ ಹೋದರೆ ಅವಳಿಗೆ ಬೇರೆ ಜೀವನವಿಲ್ಲ. ಗಂಡ ಅದನ್ನು ಬಿಟ್ಟು ಇನ್ನೇನನ್ನೂ ಬಿಟ್ಟುಹೋಗಿರಲಿಲ್ಲ.

ರಾಜಿಗೆ ಕೂತಾಗ ನಾನು ಹಾಜರಿ ದನಿಯಲ್ಲಿ ಓದಿದೆ. ಪಿಂಗ್-ಕುನ್ ನಗಲಿಲ್ಲ, ಇವಳೂ ನಾಚಲಿಲ್ಲ. ತಾನು ಹೇಳಿದ್ದೆಲ್ಲ ಸುಳ್ಳು ಎಂದು ಅವಳು ಒಪ್ಪಬೇಕೆಂದು ಅವನ ಹಟ. ಮಾತು ಕೆಟ್ಟದ್ದು, ಆದರೆ ವಿಷಯ ನಿಜ, ಹಾಗೆಯೇ ಬರೆಯಿರಿ ಎಂದು ಇವಳ ಹಟ. ಚಹಾ ತಣ್ಣಗಾಯಿತು, ಮತ್ತೆ ಕಾಯಿಸಿದರು, ಮತ್ತೆ ತಣ್ಣಗಾಯಿತು. ಕೊನೆಗೆ ನಾನು ಅವಳನ್ನು ವರಾಂಡಕ್ಕೆ ಕರೆದೆ.

"ನೋಡು ತಾಯಿ, ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಬೈದಿದ್ದು ತಪ್ಪಾಯ್ತು ಅಂತಷ್ಟೇ ಸಹಿ ಹಾಕು. ಕಾಲುವೆ ವಿಷಯ ಅದ್ರಲ್ಲಿ ಬರೋದೇ ಬೇಡ. ಕಾರ್ಖಾನೆಯೋರು ಇನ್ನೊಂದು ಷೆಡ್ ಕಟ್ತಾರಂತೆ, ಅದಕ್ಕೆ ಸಭೆ ಕರೀತಾರೆ. ಅಲ್ಲಿ ಬಂದು ಸಭ್ಯವಾಗಿ ಹೇಳು. ಸಭ್ಯವಾಗಿ ಹೇಳಿದ್ರೆ ಯಾರು ಕೇಳಲ್ಲ?"

"ಅದನ್ನೇ ಮಾಡಿದ್ನಲ್ಲ ಮೇಷ್ಟ್ರೇ ಇಷ್ಟು ವರ್ಷ," ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ಸುಸ್ತು ಮಾತ್ರ.

ಆದರೂ ಸಹಿ ಹಾಕಿದಳು. ಮುಂದೆ ಎಂದೂ ಅಧ್ಯಕ್ಷರನ್ನು ಸಾರ್ವಜನಿಕವಾಗಿ ಬೈಯುವುದಿಲ್ಲ, ಬೈದರೆ ಈ ರಾಜಿ ಮುರಿದಂತೆ ಎಂಬ ಸಾಲನ್ನು ಪಿಂಗ್-ಕುನ್ ಸೇರಿಸಿದ. ನಾನು ಬೇಡವೆನ್ನಲಿಲ್ಲ. ಹೇಗೂ ಊಟದ ಹೊತ್ತಾಗಿತ್ತು.

ಕಾರ್ಖಾನೆಯ ಸಭೆ ಸಮುದಾಯ ಭವನದಲ್ಲಿ ನಡೆಯಿತು. ಬಾಗಿಲಲ್ಲಿ ಹೆಸರು ಬರೆದವರಿಗೆಲ್ಲ ಡಬ್ಬಿ ಊಟ. ಅನ್ನ, ಕರಿದ ಹಂದಿಮಾಂಸ, ಉಪ್ಪಿನಲ್ಲಿ ಹಾಕಿದ ಮೂಲಂಗಿ. ಅರ್ಧ ಊರು ಬಂದದ್ದು ಡಬ್ಬಿಗಾಗಿಯೇ. ಅವರನ್ನು ನಾನು ದೂರುವುದಿಲ್ಲ, ಡಬ್ಬಿ ನಾನೂ ತೆಗೆದುಕೊಂಡೆ. ವೇದಿಕೆಯ ಮೇಲೆ ಕಾರ್ಖಾನೆಯ ಮ್ಯಾನೇಜರು, ಅವನ ಪಕ್ಕ ಪಿಂಗ್-ಕುನ್. ಹೊಸ ಷೆಡ್ಡಿನ ನೀರೂ ಅದೇ ಕಾಲುವೆಗೆ ಬರುತ್ತದೆ ಎಂಬುದನ್ನು ಮ್ಯಾನೇಜರು ಬಣ್ಣಬಣ್ಣದ ಚಿತ್ರ ತೋರಿಸಿ ಹೇಳಿದ. ಚಿತ್ರದಲ್ಲಿ ಕಾಲುವೆಯ ದಡದಲ್ಲಿ ಬಿಳಿ ಕೊಕ್ಕರೆಗಳಿದ್ದವು.

ಊರವರು ಮಾತಾಡುವ ಸರದಿ ಬಂದಾಗ ಆ-ಕ್ವೇ ಎದ್ದು ನಿಂತಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದಳು. ಗೌರವಾನ್ವಿತ ಅಧ್ಯಕ್ಷರೇ ಎಂದು ಶುರು ಮಾಡಿದಳು. ನೀರಿನ ಬಣ್ಣ ಯಾವ ತಿಂಗಳು ಹೇಗಿತ್ತು, ಎಷ್ಟು ಚಿಪ್ಪಿನ ಮರಿ ಬಿಟ್ಟಿದ್ದಳು, ಎಷ್ಟು ಉಳಿಯಿತು, ಒಂದೊಂದಾಗಿ, ಮೆಲ್ಲಗೆ. ನಾನು ಹೇಳಿಕೊಟ್ಟ ಹಾಗೆಯೇ. ಸಭೆಯಲ್ಲಿ ಊಟದ ಕಡ್ಡಿಗಳ ಸದ್ದು, ಅಗಿಯುವ ಸದ್ದು. ಮ್ಯಾನೇಜರು ಫೋನಿನಲ್ಲಿ ಏನನ್ನೋ ಪಿಂಗ್-ಕುನ್‌ಗೆ ತೋರಿಸಿದ, ಇಬ್ಬರೂ ನಕ್ಕರು. ಅವಳ ಮಾತು ಮುಗಿಯುವ ಮೊದಲೇ ಹೊತ್ತಾಯಿತೆಂದು ಗಂಟೆ ಬಾರಿಸಿದರು, ಮೈಕು ಇಸಿದುಕೊಂಡರು. ಪಿಂಗ್-ಕುನ್ ತಲೆ ಎತ್ತದೆಯೇ ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ ಎಂದ.

ನನ್ನ ಮೈ ಉರಿದುಹೋಯಿತು. ಬೈಯಬೇಡ ಎಂದು ಆ ಹೆಂಗಸಿನಿಂದ ಸಹಿ ಹಾಕಿಸಿಕೊಂಡವನು ನಾನು. ಈಗ ಅವಳ ಬಾಯಲ್ಲಿ ಹಲ್ಲೂ ಇಲ್ಲದ ಹಾಗೆ ಮಾಡಿ ಕೂರಿಸಿದ್ದೆ. ಮೈಕು ಬೇಕೆಂದೆ. ಮೇಷ್ಟ್ರಲ್ಲವೇ, ಎರಡೂ ಕೈಯಿಂದ ತಂದುಕೊಟ್ಟರು.

"ಪಿಂಗ್-ಕುನ್, ಫೋನ್ ಕೆಳಗಿಡೋ," ಎಂದೆ. "ನೀನು ಹೆಣ ತಿನ್ನೋ ನಾಯಿ ಕಣೋ. ಈಗ ಕೇಳಿಸ್ತಾ? ಕೇಳಿಸಿದ್ರೆ ಆ ಹೆಂಗಸು ಹೇಳೋದನ್ನೂ ಹಂಗೇ ಕೇಳು."

ಹಾಜರಿ ದನಿ ಎಲ್ಲಿ ಹೋಯಿತೋ. ಭವನದಲ್ಲಿ ಒಂದು ಕಡ್ಡಿಯೂ ಅಲುಗಲಿಲ್ಲ. ಮೈಕನ್ನು ಆ-ಕ್ವೇಗೆ ಕೊಟ್ಟೆ. ಅವಳು ಮೊದಲಿನಿಂದ ಹೇಳಿದಳು, ಪೂರ್ತಿ ಹೇಳಿದಳು, ಇಡೀ ಊರು ಅವಳ ಮುಖವನ್ನೇ ನೋಡುತ್ತಾ ಕೇಳಿತು. ಮ್ಯಾನೇಜರು ಪೆನ್ನು ತೆಗೆದು ಬರೆದುಕೊಳ್ಳುತ್ತಿದ್ದ. ಇಷ್ಟು ವರ್ಷ ಬೈಗುಳಗಳನ್ನು ಕೊಂದದ್ದಕ್ಕೆ ಇವತ್ತು ಒಂದನ್ನು ಬದುಕಿಸಿದೆ ಎಂದು ನನಗೆ ಹೆಮ್ಮೆಯಾಯಿತು. ರಾತ್ರಿ ಹೆಂಡತಿ ಎಷ್ಟು ಬೈದರೂ ಚೆನ್ನಾಗಿ ನಿದ್ದೆ ಬಂತು.

ಬೆಳಗಾಗುವ ಹೊತ್ತಿಗೆ ಬಾಗಿಲಲ್ಲಿ ಕ್ಯಾಮೆರಾಗಳು. ನಾಯಿ ಎಂದೇ ಯಾಕೆ ಅಂದಿರಿ ಎಂದು ಒಬ್ಬಳು ಹುಡುಗಿ ಕೇಳಿದಳು. ನಾನು ಕಾಲುವೆಯ ಬಗ್ಗೆ ಹೇಳತೊಡಗಿದೆ. ಅದಿರಲಿ, ನಾಯಿ ಅಂದದ್ದಕ್ಕೆ ಈಗ ಪಶ್ಚಾತ್ತಾಪ ಇದೆಯೇ ಎಂದಳು. ಟೀವಿಯಲ್ಲಿ ನಾಲ್ಕು ಜನ ಕೂತು ಚರ್ಚೆ ಮಾಡಿದರು. ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಇರಬೇಕು ಎಂದು ಇಬ್ಬರು, ಇರಬಾರದು ಎಂದು ಇಬ್ಬರು. ಅವರೂ ಒಬ್ಬರನ್ನೊಬ್ಬರು ಬೈದುಕೊಂಡರು. ಫೋನಿನ ಗುಂಪುಗಳಲ್ಲಿ ಕೆಲವರು ಶಹಬ್ಬಾಸ್ ಎಂದರು, ಕೆಲವರು ಇಂಥವನು ಮಕ್ಕಳಿಗೆ ಏನು ಕಲಿಸಿರಬೇಕು ಎಂದರು. ನನ್ನ ಒಂದು ಬೈಗುಳ ಊರೂರು ಸುತ್ತಿತು. ಆ-ಕ್ವೇ ಹೇಳಿದ ಒಂದು ಮಾತೂ ಎಲ್ಲೂ ಬರಲಿಲ್ಲ. ರಾಜಿ ಸಮಿತಿಯಿಂದ ನೀವೇ ಬಿಟ್ಟರೆ ಒಳ್ಳೆಯದು ಎಂದು ಕಾರ್ಯದರ್ಶಿ ಫೋನ್ ಮಾಡಿದ. ಬಿಟ್ಟೆ.

ವಾರ ಕಳೆಯುವುದರೊಳಗೆ ಪಿಂಗ್-ಕುನ್ ದಪ್ಪ ನಾಶಪಾತಿ ಹಣ್ಣುಗಳ ಪೆಟ್ಟಿಗೆ ಹಿಡಿದು ಮನೆಗೆ ಬಂದ. ಹಿಂದೆ ಟೀವಿಯವರು. ಸೊಂಟ ಬಗ್ಗಿಸಿ ನಮಸ್ಕರಿಸಿ, ಗುರುಗಳು ಬೈದರೆ ಅದು ಆಶೀರ್ವಾದ, ನಾನು ಕೇಸು ಹಾಕುವುದಿಲ್ಲ ಎಂದ. ನನ್ನ ಹೆಂಡತಿ ಕಣ್ಣು ಒರೆಸಿಕೊಂಡಳು. ಕ್ಯಾಮೆರಾದವರು ಅದನ್ನೂ ಹಿಡಿದರು. ಅವರು ಹೊರಟ ಮೇಲೆ ಪಿಂಗ್-ಕುನ್ ಚಪ್ಪಲಿ ಮೆಟ್ಟುತ್ತಾ ನನ್ನ ಕಿವಿಯ ಹತ್ತಿರ ಬಗ್ಗಿದ.

"ನಿಮ್ಮ ಪುಣ್ಯದಿಂದ ಬಚಾವಾದೆ ಮೇಷ್ಟ್ರೇ. ಸಭೆ ಆದ್ಮೇಲೆ ಕಾಲುವೆ ಬಗ್ಗೆ ಕೇಳ್ಕೊಂಡು ಒಬ್ರೂ ಫೋನ್ ಮಾಡ್ಲಿಲ್ಲ."

ಷೆಡ್ಡಿಗೆ ಅನುಮತಿ ಸಿಕ್ಕಿತು. ಊರವರ ಅಭಿಪ್ರಾಯ ಆಲಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತಂತೆ. ಸುಳ್ಳೇನಲ್ಲ.

ಆ ಸುದ್ದಿ ಬಂದ ದಿನ ಮಧ್ಯಾಹ್ನ ಆ-ಕ್ವೇ ಬಂದಳು. ರಬ್ಬರ್ ಬೂಟು ಹಾಕಿಕೊಂಡೇ ಬಂದಿದ್ದಳು, ಒಳಗೆ ಕರೆದರೂ ಬರಲಿಲ್ಲ. ನನಗೆ ಅವಳ ಮುಖ ನೋಡಲು ಸಂಕೋಚ, ಸಂಕೋಚಕ್ಕೆ ಸಿಟ್ಟು. ನಿನಗಾಗಿ ಕುರ್ಚಿ ಕಳೆದುಕೊಂಡೆ, ಮಾನ ಕಳೆದುಕೊಂಡೆ, ಇನ್ನೇನು ಮಾಡಲಿ ಎಂದು ನಾನೇ ಮೊದಲು ರೇಗಿದೆ.

ಅವಳು ರೇಗಲಿಲ್ಲ. "ಹೋದ ಸಲ ಟೀವಿಯೋರು ಬಂದು ನನ್ನ ಬಾಯಿ ಫೋಟೊ ತಗೊಂಡೋದ್ರು. ಈ ಸಲ ನಿಮ್ಮ ಬಾಯಿದು. ಕಾಲುವೆ ಹತ್ರ ಒಬ್ರೂ ಬರ್ಲಿಲ್ಲ ಮೇಷ್ಟ್ರೇ."

"ಎಂಥ ಜನ ನೋಡು," ಎಂದೆ.

"ನೀವು ಬಂದಿದ್ರಾ?"

ಅವಳ ಅರ್ಜಿಗಳನ್ನು ಓದಿದ್ದೆ, ಅವಳ ಬೈಗುಳವನ್ನು ಎರಡು ಸಲ ಓದಿದ್ದೆ, ಅವಳ ಪರವಾಗಿ ಒಂದು ಸಲ ಬೈದೂ ಇದ್ದೆ. ನಮ್ಮ ಮನೆಯಿಂದ ಆ ಕಾಲುವೆಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟೇ ದಾರಿ. ಹೋಗಿರಲಿಲ್ಲ.

ಟೋಪಿ ಹಾಕಿಕೊಂಡು ಅವಳ ಜತೆ ಹೊರಟೆ. ಕಾಲುವೆ ಕಾಣುವ ಮೊದಲೇ ವಾಸನೆ ಬಂತು, ಗಂಟಲು ಕೆರೆದು ಕೆಮ್ಮು ಹಿಡಿಯಿತು. ನೀರು ಶಾಯಿ ಕದಡಿದ ಹಾಗೆ ಹಸಿರುನೀಲಿ. ಕೊಕ್ಕರೆ ಇರಲಿಲ್ಲ. ಅವಳು ಹೊಂಡಕ್ಕಿಳಿದು ಕುಂಟೆ ಎಳೆದು ಒಂದು ಬುಟ್ಟಿ ಚಿಪ್ಪು ಮೇಲೆ ತಂದಳು. ಎಲ್ಲ ಬಾಯಿ ತೆರೆದುಕೊಂಡಿದ್ದವು, ಒಳಗೆ ಕರಿ ಕೆಸರು. ಬದುಕಿದ್ದು ಒಂದಾದರೂ ಇದ್ದೀತೆಂದು ನಾನು ಕೈ ಹಾಕಿ ಹುಡುಕಿದೆ. ಅವಳು ದಡದ ಮೇಲೆ ಕೂತು ಬೂಟು ಕಳಚಿ ನೀರು ಸುರಿದಳು.

"ಬೈದೂ ನೋಡಿದ್ದಾಯ್ತು, ಬೇಡಿಯೂ ನೋಡಿದ್ದಾಯ್ತು," ಎಂದಳು. "ಈಗ ಹೇಳ್ಕೊಡಿ ಮೇಷ್ಟ್ರೇ. ಇದನ್ನ ಹೇಗೆ ಹೇಳ್ಬೇಕು?"

ನಾಲ್ಕು ದಶಕ ಮಕ್ಕಳಿಗೆ ಮಾತು ಕಲಿಸಿದವನು ನಾನು. ಬುಟ್ಟಿಯಲ್ಲಿ ಕೈ ಇಟ್ಟುಕೊಂಡೇ ಕೂತಿದ್ದೆ. ಇನ್ನೊಂದು ಚಿಪ್ಪು ಎತ್ತಿ, ಬೆರಳಿನಿಂದ ಕೆಸರು ಕೆರೆದು ಒಳಗೆ ನೋಡಿದೆ.